ಗೋದಾಮಿನಲ್ಲಿ ಕೆಮ್ಮದವಳು

ಕಳೆದ ಫೆಬ್ರುವರಿಯಲ್ಲಿ ವರ್ಷದ ಖಾರಪುಡಿಗೆ ಕಾಯಿ ತರೋಣವೆಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿಗೆ ಹೋಗಿದ್ದೆ. ಸೋಮವಾರ, ಟೆಂಡರಿನ ದಿನ. ಗೇಟು ದಾಟಿದ್ದೇ ತಡ, ಕೆಮ್ಮು ಬಂತು. ಬಂದು ಹೋಗುವ ಕೆಮ್ಮಲ್ಲ. ಕಣ್ಣಲ್ಲಿ ನೀರು ತರಿಸಿ, ಸೊಂಟ ಬಗ್ಗಿಸಿ ನಿಲ್ಲಿಸುವ ಕೆಮ್ಮು. ರಾಶಿಯ ಪಕ್ಕದಲ್ಲಿ ತೊಟ್ಟು ಬಿಡಿಸುತ್ತ ಕೂತಿದ್ದ ಹೆಂಗಸೊಬ್ಬಳು ತಲೆ ಎತ್ತಿ ನೋಡಿದಳು.

"ಹೊರಗಿನವ್ರೇನ್ರಿ ಅಕ್ಕಾರ? ಸೆರಗ ಮೂಗಿಗೆ ಹಿಡ್ಕೋರಿ."

ಒಳ್ಳೆಯ ಮಾತೇ ಹೇಳಿದ್ದಳು ಪಾಪ. ಆದರೂ ನನಗೆ ಮೈಯೆಲ್ಲ ಉರಿಯಿತು. ಹೊರಗಿನವಳಂತೆ! ಇದೇ ಯಾರ್ಡಿನ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದವಳು ನಾನು. ಮೆಣಸಿನಕಾಯಿ ಚೀಲಗಳ ಮೇಲೆ ಮಲಗಿ ಮಧ್ಯಾಹ್ನದ ನಿದ್ದೆ ತೆಗೆದವಳು. ಮದುವೆಯಾಗಿ ಕಾರವಾರ ಸೇರಿದ ಮೇಲೆ ಸಮುದ್ರದ ಗಾಳಿ ನನ್ನ ಗಂಟಲನ್ನು ಕೆಡಿಸಿಬಿಟ್ಟಿದೆ, ಅಷ್ಟೆ. ಅವಳಿಗೆ ಏನೋ ಹೇಳಬೇಕೆಂದು ಬಾಯಿ ತೆರೆದೆ, ಮತ್ತೆ ಕೆಮ್ಮೇ ಬಂತು. ಕೆಮ್ಮಿನ ಹಿಂದೆಯೇ ಕಾಲೇಜಿನ ಕೊನೆಯ ವರ್ಷ ನೆನಪಾಯಿತು, ಅದರ ಹಿಂದೆ ಮಹಾಂತೇಶ ಬಂದು ನಿಂತ. ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಎರಡು ಸಾವಿರದ ಏಳನೆಯ ಇಸವಿ. ಬ್ಯಾಡಗಿಯಿಂದ ಹಾವೇರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬಂದು ಬಿ.ಎ. ಓದುತ್ತಿದ್ದೆ. ಪತ್ರಿಕೋದ್ಯಮ ಒಂದು ವಿಷಯವಾಗಿತ್ತು. ರಾಣೆಬೆನ್ನೂರಿನಲ್ಲಿ ಕಾಲೇಜುಗಳ ಕಿರುಚಿತ್ರ ಸ್ಪರ್ಧೆ ಇದೆ, ನೀವೂ ಏನಾದರೂ ಮಾಡಿ ಎಂದು ನಮ್ಮ ಸರ್ ಹೇಳಿದರು. ಹೇಳಿ ತಮ್ಮ ಪಾಡಿಗೆ ಸ್ಟಾಫ್ ರೂಮಿಗೆ ಹೋದರು. ಉಳಿದದ್ದು ನಾವು ನಾಲ್ವರು. ಹಾವೇರಿಯ ಮಹಾಂತೇಶ, ಅಗಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನನ್ನ ಗೆಳತಿ ಗೀತಾ, ರಾಣೆಬೆನ್ನೂರಿನ ರಫೀಕ ಮತ್ತು ನಾನು.

ಮಹಾಂತೇಶನ ಸೋದರಮಾವನಿಗೆ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಇತ್ತು. ಹಾಗಾಗಿ ಕ್ಯಾಮೆರಾ ಅವನ ಕೈಯಲ್ಲಿತ್ತು. ಕ್ಯಾಮೆರಾ ಇದ್ದವನೇ ಡೈರೆಕ್ಟರು ಎಂಬುದು ಯಾರನ್ನೂ ಕೇಳದೆ ತೀರ್ಮಾನವಾಗಿಹೋಯಿತು. ಅವನು ನನ್ನನ್ನು ಹೆಸರು ಹಿಡಿದು ಕರೆದವನೇ ಅಲ್ಲ. "ಏ ಬ್ಯಾಡಗಿ" ಎನ್ನುತ್ತಿದ್ದ, ಎತ್ತಿನ ಸಂತೆಯಲ್ಲಿ ಎತ್ತಿಗೆ ಅದರ ಊರಿನ ಹೆಸರಿಟ್ಟು ಕರೆದ ಹಾಗೆ. ಮೊದಮೊದಲು ನಕ್ಕಿದ್ದೆ. ಆಮೇಲೆ ಹಲ್ಲು ಕಚ್ಚಿದೆ.

ದೆವ್ವದ ಸಿನಿಮಾ ಮಾಡೋಣ ಎಂಬುದಕ್ಕೆ ಎಲ್ಲರೂ ಒಪ್ಪಿದೆವು. ಜಗಳ ಹತ್ತಿದ್ದು ಕಥೆಯನ್ನು ಜೋಡಿಸುವಾಗ. ಮಧ್ಯಾಹ್ನ ಖಾಲಿ ಬಿದ್ದಿರುತ್ತಿದ್ದ ಮಹಡಿಯ ಮೇಲಿನ ಕ್ಲಾಸಿನಲ್ಲಿ ಕೂತು, ಒಂದೊಂದು ದೃಶ್ಯವನ್ನು ಬೋರ್ಡಿನ ಮೇಲೆ ಒಂದೊಂದು ಚೌಕದಲ್ಲಿ ಬರೆಯುತ್ತಿದ್ದೆವು. ಮಹಾಂತೇಶನ ಮೊದಲ ಚೌಕದಲ್ಲೇ ದೆವ್ವ ಇತ್ತು. ಬಿಳಿ ಸೀರೆ, ಬಿಟ್ಟ ಕೂದಲು. ಎರಡನೆಯ ಚೌಕದಲ್ಲಿ ಅದು ಸತ್ತದ್ದು ಹೇಗೆ ಎಂಬ ಹಿಂದಿನ ಕಥೆ. ಮೂರನೆಯದರಿಂದ ಸೇಡು. ಸೇಡು ತೀರುವವರೆಗೂ ಸೇಡು.

"ಎಲ್ಲಾ ಮೊದಲ ಹೇಳಿಬಿಟ್ರ ಮಂದಿ ಆಮ್ಯಾಲೆ ಯಾಕ ಕುಂದರಬೇಕು?" ಎಂದೆ.

"ದೆವ್ವ ಕಾಣಲಿಲ್ಲಂದ್ರ ಅದೆಂಥಾ ದೆವ್ವದ ಪಿಚ್ಚರಲೇ?" ಎಂದ ಅವನು.

ನಾನು ನಮ್ಮ ಯಾರ್ಡಿನ ಟೆಂಡರಿನ ಮಾತೆತ್ತಿದೆ. ಅಲ್ಲಿ ವ್ಯಾಪಾರಿಗಳು ರಾಶಿಯಿಂದ ರಾಶಿಗೆ ಹೋಗುತ್ತಾರೆ. ಕೈ ಹಾಕುತ್ತಾರೆ, ಒಂದು ಕಾಯಿ ಮುರಿದು ಬಣ್ಣ ನೋಡುತ್ತಾರೆ, ಮೂಸುತ್ತಾರೆ. ಒಬ್ಬರೂ ರೇಟು ಬಾಯಿಬಿಡುವುದಿಲ್ಲ. ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಪೆಟ್ಟಿಗೆ ತೆರೆಯುವ ತನಕ ಇಡೀ ಯಾರ್ಡು ಉಸಿರು ಬಿಗಿಹಿಡಿದು ಕೂತಿರುತ್ತದೆ. ಮೊದಲೇ ರೇಟು ಕೂಗಿದವನಿಗೆ ರಾಶಿ ಸಿಗುವುದಿಲ್ಲ. ಕಥೆಯನ್ನೂ ಹಾಗೆ ಇಡಬೇಕು, ಪೆಟ್ಟಿಗೆ ಕೊನೆಯಲ್ಲೇ ತೆರೆಯಬೇಕು ಎಂದು ಹೇಳಿದೆ. ರಫೀಕ ತಲೆಯಾಡಿಸಿದ. ಮಹಾಂತೇಶ ಡಸ್ಟರ್ ತೆಗೆದುಕೊಂಡು ನಾನು ಬರೆದ ಚೌಕಗಳನ್ನೆಲ್ಲ ಒರೆಸಿದ.

"ಇದು ಸಿನಿಮಾ ಐತಿ, ನಿಮ್ಮಪ್ಪನ ಅಂಗಡಿ ಅಲ್ಲ."

ಮರುದಿನ ಅವನು ಬರುವ ಮುಂಚೆ ಹೋಗಿ ಅವನ ಚೌಕಗಳನ್ನು ನಾನು ಒರೆಸಿದೆ. ಹೀಗೆ ಜನವರಿ ಪೂರ್ತಿ ನಾವು ಬರೆಯುವುದಕ್ಕಿಂತ ಒರೆಸಿದ್ದೇ ಹೆಚ್ಚು. ಕಿಟಕಿಯಿಂದ ಒಣಗಾಳಿ ಬಂದು ಸೀಮೆಸುಣ್ಣದ ಪುಡಿಯೆಲ್ಲ ನಮ್ಮ ಮೇಲೇ ಬೀಳುತ್ತಿತ್ತು. ಗೀತಾ ನಡುವೆ ಕೂತು ಶೇಂಗಾ ತಿನ್ನುತ್ತ, "ನೀವಿಬ್ರೂ ಲಗ್ನ ಆಗಿಬಿಡ್ರಿ, ಜಗಳಾ ಮನ್ಯಾಗಾದ್ರೂ ಮಾಡ್ರಿ" ಎಂದು ಕಾಡುತ್ತಿದ್ದಳು. ಅವಳ ಮೇಲೂ ರೇಗಿದ್ದೇನೆ.

ಜಾಗ ಮಾತ್ರ ನನ್ನದೇ ಆಗಬೇಕಾಯಿತು. ಬ್ಯಾಡಗಿಯಲ್ಲಿ ಅಪ್ಪನ ಹಳೆಯ ಗೋದಾಮಿತ್ತು. ಎತ್ತರದ ಗೋಡೆ, ಮೇಲೆಲ್ಲೋ ಒಂದೇ ಕಿಂಡಿ, ಹಗಲಿನಲ್ಲೂ ಅರೆಗತ್ತಲು, ಗೋಡೆಗೆ ಒಟ್ಟಿದ ಚೀಲಗಳು. ಅಪ್ಪನನ್ನು ಕೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದರು.

"ಗೋದಾಮ ಕೊಡ್ತೇನಿ ಅವ್ವಿ. ಆದ್ರ ನಿನ್ನ ಮಾರಿ ಕಾಣಬಾರ್ದು, ನಿನ್ನ ಹೆಸರು ಬರಬಾರ್ದು. ನಾಳೆ ಯಾರ್ಡಿನ್ಯಾಗ ಒಬ್ಬ ಬಂದು, 'ಸಾವ್ಕಾರ್ರ, ನಿಮ್ಮ ಮಗಳ ಸಿನಿಮಾ ನೋಡಿದ್ವಿರಿ' ಅಂದ್ನೋ, ಅವತ್ತಿಗೆ ನಿನ್ನ ಕಾಲೇಜು ಮುಗೀತು. ಪರೀಕ್ಷಾನೂ ಇಲ್ಲ, ಏನೂ ಇಲ್ಲ."

ಅಪ್ಪ ಸುಮ್ಮನೆ ಹೆದರಿಸುವವರಲ್ಲ. ನನ್ನ ಚಿಕ್ಕಪ್ಪನ ಮಗಳನ್ನು ಅದಕ್ಕಿಂತ ಸಣ್ಣ ಮಾತಿಗೆ ಕಾಲೇಜು ಬಿಡಿಸಿದ ಮನೆ ನಮ್ಮದು. ನಾನು ಪದವಿ ಮುಗಿಸಿ ಬಿ.ಎಡ್. ಮಾಡಿ ಟೀಚರಾಗಬೇಕೆಂದುಕೊಂಡಿದ್ದವಳು. ಎಲ್ಲ ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು. ಒಪ್ಪಿಕೊಂಡೆ. ನನ್ನ ಕಾವಲಿಗೆ ಅಣ್ಣ ಈರಣ್ಣನನ್ನು ಜೊತೆ ಮಾಡಿದರು.

ಫೆಬ್ರುವರಿಯ ಒಂದು ಬೆಳಿಗ್ಗೆ ನಾಲ್ವರೂ ಗೋದಾಮಿಗೆ ಹೋದೆವು. ಮಹಾಂತೇಶ ಅಂದುಕೊಂಡಿದ್ದು ಹೀಗೆ: ಗೋದಾಮಿನೊಳಗೆ ಸೂಜಿ ಬಿದ್ದರೆ ಕೇಳುವಷ್ಟು ಮೌನ, ಆ ಮೌನದಲ್ಲಿ ದೆವ್ವದ ಗೆಜ್ಜೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟರು ನೋಡಿ, ಗೀತಾ ಕೆಮ್ಮಿದಳು. ರಫೀಕ ಕೆಮ್ಮಿದ. ಮಹಾಂತೇಶ ಕೆಮ್ಮುತ್ತಲೇ "ಸೈಲೆನ್ಸ್" ಎಂದು ಕೂಗಲು ಹೋಗಿ ಅಲ್ಲೇ ಕೂತುಬಿಟ್ಟ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ನಿಜ. ಆದರೆ ಮುಚ್ಚಿಟ್ಟ ಗೋದಾಮಿನ ಧೂಳಿಗೆ ಆ ಲೆಕ್ಕ ಗೊತ್ತಿಲ್ಲ. ಮೂವರೂ ಹೊರಗೋಡಿ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡರು. ಒಂದು ತಿಂಗಳು ಬೋರ್ಡಿನ ಮುಂದೆ ಕೂತು ಮೆಣಸಿನಕಾಯಿ ಗೋದಾಮಿನಲ್ಲಿ ಮೌನದ ಸಿನಿಮಾ ಹೆಣೆದ ಬುದ್ಧಿವಂತರು ನಾವು.

"ನೀ ಯಾಕ ಮೊದಲ ಹೇಳಲಿಲ್ಲ?" ಮಹಾಂತೇಶ ನನ್ನ ಮೇಲೆ ಹರಿಹಾಯ್ದ.

ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಅದೇ ಗಾಳಿ. "ನಿಮ್ಮ ಗಂಟಲ ಇಷ್ಟ ನಾಜೂಕ ಅಂತ ನನಗೇನ ಗೊತ್ತು?" ಎಂದೆ.

ಅವನು ನನ್ನನ್ನೇ ನೋಡಿದ. ಅವನ ಮುಖದಲ್ಲಿ ನಿಧಾನವಾಗಿ ಒಂದು ನಗು ಬಂತು, ನನಗೆ ಸೇರದ ನಗು. "ನಿನಗ ಕೆಮ್ಮ ಬರಂಗಿಲ್ಲ. ಅಂದ್ರ ನೀನ ದೆವ್ವ. ಬಿಳಿ ಸೀರಿ ಉಟ್ಕೊಂಡ ನಿಲ್ಲು, ಕೆಲಸ ಮುಗೀತು."

"ನಮ್ಮಪ್ಪ ಏನ ಹೇಳ್ಯಾನ ಗೊತ್ತೈತಲ್ಲ ನಿನಗ?"

"ಅದು ನಿಮ್ಮನಿ ಭಾನಗಡಿ. ಸಿನಿಮಾ ಆಗಬೇಕೋ ಬ್ಯಾಡೋ?"

ಸಿನಿಮಾ ಆಗದಿದ್ದರೆ ತಪ್ಪು ನನ್ನದು, ಆಯಿತೆಂದರೆ ಕಾಲೇಜು ಕಳೆದುಕೊಳ್ಳುವವಳೂ ನಾನೇ. ಅಷ್ಟು ಸಲೀಸಾಗಿ ಹೇಳಿ ಅವನು ಕರ್ಚೀಫಿನಿಂದ ಮೂಗು ಒರೆಸಿಕೊಂಡ. ಸಂಜೆ ಮನೆಗೆ ಬಂದು ನಾನು ಅತ್ತೆ. ಅತ್ತು ಮುಗಿಸಿ, ಅವನು ಆಡಿದ ಮಾತನ್ನೇ ಹಿಡಿದು ಯೋಚಿಸಿದೆ. ಕೆಮ್ಮದವಳು ದೆವ್ವ. ಉಸಿರಿದ್ದವರು ಕೆಮ್ಮುತ್ತಾರೆ, ಉಸಿರಿಲ್ಲದವರಿಗೆ ಘಾಟು ಹತ್ತುವುದೆಲ್ಲಿಂದ? ಅವನು ಸಿಟ್ಟಿನಲ್ಲಿ ಆಡಿದ್ದರಲ್ಲಿ ಇಡೀ ಕಥೆ ಇತ್ತು, ಅದು ಅವನಿಗೇ ಗೊತ್ತಾಗಿರಲಿಲ್ಲ.

ಮರುದಿನ ಬೋರ್ಡು ಪೂರ್ತಿ ಒರೆಸಿ ಹೊಸದಾಗಿ ಬರೆದೆ. ಕಾಲೇಜಿನ ಹುಡುಗರು ಹಳೆಯ ಗೋದಾಮನ್ನು ವಿಡಿಯೋ ಮಾಡಲು ಬರುತ್ತಾರೆ. ಅಲ್ಲಿ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಸತ್ತಿದ್ದಳಂತೆ ಎಂಬ ಮಾತಿದೆ, ಅಷ್ಟೇ. ನಾವು ನೋಡುವುದೆಲ್ಲ ಅವರ ಕ್ಯಾಮೆರಾ ಕಂಡದ್ದು. ಬಂದವರು ಕೆಮ್ಮುತ್ತಾರೆ, ನಗುತ್ತಾರೆ, ಕೆಮ್ಮುತ್ತಾರೆ. ಆಗಾಗ ಕ್ಯಾಮೆರಾದ ಕಡೆ ತಿರುಗಿ ಮಾತಾಡುತ್ತಾರೆ, ಕ್ಯಾಮೆರಾ ಉತ್ತರ ಕೊಡುವುದಿಲ್ಲ. ಕೊನೆಗೆ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಗೀತಾ ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿ ಕೇಳುತ್ತಾಳೆ: "ನಾವು ಬಂದವ್ರು ಮೂರ ಮಂದಿ. ಇಲ್ಲೇ ಮೂವರೂ ಕುಂತೇವಿ. ಕ್ಯಾಮೆರಾ ಯಾರ ಕೈಯಾಗೈತಿ?" ಮೂವರೂ ನಿಧಾನಕ್ಕೆ ನಮ್ಮ ಕಡೆ ನೋಡುತ್ತಾರೆ. ಕ್ಯಾಮೆರಾ ಅವರತ್ತ ಹೆಜ್ಜೆ ಇಡುತ್ತದೆ. ಆಗ ನೋಡುವವರಿಗೆ ಹೊಳೆಯಬೇಕು, ಇಷ್ಟು ಹೊತ್ತು ಕೆಮ್ಮದೆ ಇದ್ದದ್ದು ಯಾರೆಂದು.

ರಫೀಕ ಬೆಂಚಿನಿಂದ ಎದ್ದೇ ಬಿಟ್ಟ. "ಯಾ ಅಲ್ಲಾ! ಮೈ ಜುಮ್ ಅಂತು ನೋಡು" ಎಂದ. ಗೀತಾ ಶೇಂಗಾ ತಿನ್ನುವುದನ್ನು ನಿಲ್ಲಿಸಿದಳು.

ಮಹಾಂತೇಶ ಬೋರ್ಡನ್ನು ಎರಡು ಸಲ ಓದಿದ. ಚೆನ್ನಾಗಿದೆ ಎಂದು ಅವನಿಗೂ ಗೊತ್ತಾಯಿತು, ಅದಕ್ಕೇ ಮುಖ ಗಂಟಿಕ್ಕಿತು. "ಕ್ಯಾಮೆರಾ ನಾನ ಹಿಡಿಯಾಂವ" ಎಂದ. ಹಿಡಿಯಲಿ ಎಂದು ಬಿಟ್ಟೆವು. ಗೋದಾಮಿನಲ್ಲಿ ಅವನು ಎಷ್ಟು ಸಲ ಹಿಡಿದರೂ ಅಷ್ಟೂ ಸಲ ಕೆಮ್ಮಿದ. ಚಿತ್ರ ಜಾತ್ರೆಯ ತೊಟ್ಟಿಲಿನಂತೆ ಅಲುಗಿತು. ದೆವ್ವವೇ ಕೆಮ್ಮಿದರೆ ಕಥೆ ಎಲ್ಲಿ ಉಳಿಯಿತು? ಕೊನೆಗೆ ಕ್ಯಾಮೆರಾವನ್ನು ನನ್ನ ಎದೆಗೆ ತಂದು ತಳ್ಳಿದ. "ಬಟನ್ ಒತ್ತೂದ ಅಷ್ಟ ನಿನ್ನ ಕೆಲಸ. ಭಾಳ ತಿಳಿದಾಕಿಹಂಗ ಆಡಬ್ಯಾಡ." ತಾನು ಮೂವರಲ್ಲಿ ಒಬ್ಬನಾಗಿ ನಟಿಸಲು ಹೋದ. ಹೀರೋ ಬೇರೆ ಯಾರಾಗುತ್ತಿದ್ದರು?

ಮುಂದಿನ ಒಂದು ವಾರ ನನ್ನ ಜೀವನದ ಒಳ್ಳೆಯ ವಾರ. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಮೆಣಸಿನಕಾಯಿ ಧೂಳಿನಲ್ಲಿ ಕಿಂಡಿಯ ಬಿಸಿಲು ಕೆಂಪಾಗಿ ಇಳಿಯುತ್ತಿತ್ತು. ನಾನು ಉಸಿರು ಏರುಪೇರಾಗದಂತೆ ಚೀಲಗಳ ನಡುವೆ ನಡೆಯುತ್ತಿದ್ದೆ. ಎದುರಿಗೆ ಮೂವರು ಕೆಮ್ಮಿ ಕೆಮ್ಮಿ ಬಸವಳಿಯುತ್ತಿದ್ದರು. ಅವರಿಗೆ ನಟನೆಯೇ ಬೇಕಾಗಿರಲಿಲ್ಲ. ಅಣ್ಣ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಾನು ಕ್ಯಾಮೆರಾದ ಹಿಂದೆಯೇ ಇದ್ದೇನೆಯೇ ಎಂದು ನೋಡುತ್ತಿದ್ದ. ಅವನೂ ಕೆಮ್ಮುತ್ತಿರಲಿಲ್ಲ.

ಕೊನೆಯ ದಿನ ಮಹಾಂತೇಶನನ್ನು ಪಕ್ಕಕ್ಕೆ ಕರೆದೆ. ಹೆಸರುಗಳು ಬರುವ ಕಾರ್ಡಿನ ಮಾತಿತ್ತು. "ಕ್ಯಾಮೆರಾ ಅಂತ ಹಾಕು. ಮುಂದ ಏನೂ ಬರೀಬ್ಯಾಡ" ಎಂದೆ.

"ಖಾಲಿ ಬಿಡ್ಲಿ?"

"ಖಾಲಿ. ದೆವ್ವಕ್ಕ ಹೆಸರೆಲ್ಲಿರತೈತಿ? ಸಿನಿಮಾ ಮುಗೀತು ಅಂತ ಮಂದಿ ಏಳಾಕ ಹೋಗ್ತಾರ, ಆವಾಗ ಆ ಖಾಲಿ ಜಾಗ ಕಾಣ್ತೈತಿ. ಕಡೀ ಹೆದರಿಕಿ ಅದ."

ಅದು ಕಥೆಯ ಕೊನೆಯ ಚೌಕ. ಜೊತೆಗೆ ಅದು ನನ್ನ ಜಾಗವೂ ಆಗಿತ್ತು. ನನ್ನ ಹೆಸರು ಬರೆಯುವ ಹಾಗಿಲ್ಲದಿದ್ದರೆ ಬೇಡ, ಬೇರೆಯವರದ್ದೂ ಅಲ್ಲಿ ಕೂರಬಾರದು. ಇಷ್ಟನ್ನೂ ಅವನಿಗೆ ಬಿಡಿಸಿ ಹೇಳಿದೆ. ಅವನು ಕ್ಯಾಮೆರಾದ ಮೇಲೆ ಕೈಯಿಟ್ಟು, "ಆತು, ಖಾಲೀನ ಬಿಡ್ತೇನಿ. ಆಣಿ" ಎಂದ. ಕ್ಯಾಸೆಟ್ಟುಗಳನ್ನು ತೆಗೆದುಕೊಂಡು ಮಾವನ ಸ್ಟುಡಿಯೋದಲ್ಲಿ ಜೋಡಿಸಲು ಹಾವೇರಿಗೆ ಹೋದ. ಆಮೇಲೆ ನಮಗೆ ಯಾರಿಗೂ ತೋರಿಸಲಿಲ್ಲ.

ಮಾರ್ಚಿನಲ್ಲಿ ರಾಣೆಬೆನ್ನೂರಿನ ಕಾಲೇಜೊಂದರ ಸಭಾಂಗಣ. ಹೊರಗೆ ಬಿಸಿಲು ರಣಗುಡುತ್ತಿತ್ತು, ಒಳಗೆ ಫ್ಯಾನುಗಳ ಸದ್ದು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ಅಣ್ಣ. ಸಿನಿಮಾ ಶುರುವಾಯಿತು. ಜೋಡಣೆಯಲ್ಲಿ ಮಹಾಂತೇಶ ಏನೂ ಕೆಡಿಸಿರಲಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಮೊದಲು ಹುಡುಗರು ಕೆಮ್ಮಿಗೆ ನಕ್ಕರು. ಬರಬರುತ್ತ ನಗು ನಿಂತಿತು. ಗೀತಾ ಆ ಪ್ರಶ್ನೆ ಕೇಳಿ ಮೂವರೂ ನಮ್ಮ ಕಡೆ ನೋಡಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಚೀರಿದಳು. ಸಭಾಂಗಣ ಗಪ್‌ಚಿಪ್. ಪರದೆ ಕಪ್ಪಾಯಿತು. ನಾನು ಮುಂದಕ್ಕೆ ಬಾಗಿ ಕೂತೆ. ಈಗ ಆ ಖಾಲಿ ಜಾಗ ಬರುತ್ತದೆ.

ಬಂತು. "ಕಥೆ, ಕ್ಯಾಮೆರಾ, ನಿರ್ದೇಶನ: ಮಹಾಂತೇಶ." ಅಷ್ಟು ದಪ್ಪ ಅಕ್ಷರ.

ಹೆದರಿ ಕೂತಿದ್ದ ಸಭೆ ಆ ಹೆಸರು ಕಂಡು ನಿರಾಳವಾಯಿತು. ಓಹೋ, ಹಿಡಿದವನು ಇವನಾ ಎಂದು. ಯಾರೋ ಸಿಳ್ಳೆ ಹೊಡೆದರು. ಮೂರು ಊರುಗಳ ನಡುವೆ ಓಡಾಡಿ ಕಟ್ಟಿದ ಹೆದರಿಕೆಯನ್ನು ಅವನು ತನ್ನ ಹೆಸರಿಗಾಗಿ ಒಂದು ಕ್ಷಣದಲ್ಲಿ ಕೊಂದ. ನನ್ನದನ್ನು ಕದ್ದದ್ದು ಒಂದು, ಕದ್ದು ಹಾಳು ಮಾಡಿದ್ದು ಇನ್ನೊಂದು. ಎರಡನೆಯದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತೀರ್ಪುಗಾರರಲ್ಲಿ ದಾವಣಗೆರೆ ಕಡೆಯ ಒಬ್ಬ ಮೇಡಂ ಇದ್ದರು. ಮೂವರನ್ನೂ ವೇದಿಕೆಗೆ ಕರೆಸಿ ಮೈಕು ಹಿಡಿದರು.

"ಕ್ಯಾಮೆರಾ ನೀವೇ ಹಿಡಿದಿದ್ದಾ ಮಹಾಂತೇಶ್?"

"ಹೌದ್ರಿ ಮೇಡಂ."

"ಎಲ್ಲ ಶಾಟೂ?"

"ಎಲ್ಲಾ ನಾನರಿ."

"ಹಂಗಾದ್ರೆ ಕಟ್ಟೆ ಮೇಲೆ ಕೂತ್ಕೊಂಡು ಅಷ್ಟೊಂದು ಕೆಮ್ತಿದ್ದೋರು ಯಾರು? ನಿಮ್ಮ ತಮ್ಮನಾ?"

ಸಭಾಂಗಣ ಹೋ ಎಂದು ನಕ್ಕಿತು. ಹೀರೋ ಆಗಲು ಹೋಗಿ ಅವನು ಪ್ರತಿ ಚೌಕದಲ್ಲೂ ತಾನೇ ನಿಂತಿದ್ದ. ಅವನ ಕಿವಿಗಳು ಕೆಂಪಾದವು. ಮೇಡಂ ನಗಲಿಲ್ಲ. "ನಿಜವಾಗಿ ಹಿಡಿದವರು ಇಲ್ಲಿದ್ದಾರಾ? ನಾನು ಅವರನ್ನ ನೋಡಬೇಕು" ಎಂದರು.

ಎದ್ದು ನಿಂತರೆ ಮುಖ ಕಾಣುತ್ತದೆ. ಮಾತಾಡಿದರೆ ಹೆಸರು ಹೇಳಬೇಕಾಗುತ್ತದೆ. ಅಣ್ಣ ನನ್ನ ಮುಂಗೈ ಹಿಡಿದುಕೊಂಡ. ಪರೀಕ್ಷೆ ಕಣ್ಣ ಮುಂದೆ ಇತ್ತು. ನಾನು ಏಳಲಿಲ್ಲ.

ಕೆಮ್ಮಿದೆ.

ಒಂದೇ ಸಲ, ಬೇಕೆಂತಲೇ, ಎಲ್ಲರಿಗೂ ಕೇಳುವಂತೆ. ವೇದಿಕೆಯ ಮೇಲಿದ್ದ ಗೀತಾ ತಲೆ ಎತ್ತಿದಳು. ಅವಳಿಗೆ ತಿಳಿಯಿತು. ಅವಳೂ ಕೆಮ್ಮಿದಳು. ರಫೀಕ ಕೆಮ್ಮಿದ. ಸಭೆಗೆ ಇದೊಂದು ಆಟದಂತೆ ಕಂಡಿತೋ ಏನೋ, ಮುಂದಿನ ಸಾಲಿನವರು ಕೆಮ್ಮಿದರು, ಅವರ ಹಿಂದಿನವರು ಕೆಮ್ಮಿದರು, ಇಡೀ ಸಭಾಂಗಣ ಕೆಮ್ಮಿತು. ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು. ಕೊನೆಗೆ ನನ್ನ ಪಕ್ಕದಲ್ಲಿ, ಹುಟ್ಟಿದಾಗಿನಿಂದ ಘಾಟಿಗೆ ಕೆಮ್ಮದ ಅಣ್ಣ, ನನ್ನ ಕೈ ಬಿಟ್ಟು ಗಟ್ಟಿಯಾಗಿ ಕೆಮ್ಮಿದ.

ಅಷ್ಟು ಜನರ ನಡುವೆ ಕೆಮ್ಮದೆ ನಿಂತಿದ್ದವನು ಒಬ್ಬನೇ. ವೇದಿಕೆಯ ನಡುವೆ, ಮೈಕಿನ ಮುಂದೆ.

ಬಹುಮಾನ ಬರಲಿಲ್ಲ. ಮಹಾಂತೇಶನ ಜೊತೆ ಆಮೇಲೆ ಮಾತಾಡಲಿಲ್ಲ. ಎದುರು ಸಿಕ್ಕರೆ ಅವನು ರಸ್ತೆ ದಾಟುತ್ತಿದ್ದ, ನಾನು ದಾಟುತ್ತಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಣ್ಣನನ್ನು ಕೇಳಿದರು.

"ಇಕಿ ಹೆಸರು ಎಲ್ಲ್ಯಾರ ಬಂತೇನು?"

"ಎಲ್ಲೂ ಬರಲಿಲ್ಲ" ಎಂದ ಅಣ್ಣ, ರೊಟ್ಟಿ ಮುರಿಯುತ್ತ.

ಅವನು ನನ್ನನ್ನು ಉಳಿಸಿದ. ಪರೀಕ್ಷೆಗೆ ಕೂತೆ, ಪಾಸಾದೆ, ಇವತ್ತು ಟೀಚರಾಗಿದ್ದೇನೆ. ಆದರೂ ಆ ಉತ್ತರ ಕೇಳಿ ತಟ್ಟೆ ಸರಿಸಿ ಎದ್ದೆ, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ.

ಯಾರ್ಡಿನಲ್ಲಿ ಆ ಹೆಂಗಸು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಕೈ ಮಾತ್ರ ತನ್ನ ಪಾಡಿಗೆ ತೊಟ್ಟು ಬಿಡಿಸುತ್ತಿತ್ತು. ಅವಳಿಗೆ ಕೆಮ್ಮು ಬಂದಿರಲಿಲ್ಲ. "ಯಾವೂರಾತ್ರಿ ಅಕ್ಕಾರ?" ಎಂದು ಮತ್ತೆ ಕೇಳಿದಳು.

ಕೆಮ್ಮು ನಿಲ್ಲುವವರೆಗೆ ಕಾದೆ. ಕಣ್ಣೊರೆಸಿಕೊಂಡೆ. ಸುತ್ತಲಿನ ಹಮಾಲರಿಗೂ ವ್ಯಾಪಾರಿಗಳಿಗೂ ಕೇಳಲಿ ಎಂದು, ಬೇಕಾದದ್ದಕ್ಕಿಂತ ಗಟ್ಟಿಯಾಗಿಯೇ ಹೇಳಿದೆ.

"ಇದ ಊರಾಕಿ ನಾನು. ಶಿವಲೀಲಾ ಅಂತ."